ಬಿಸಿಯನ್ನು ಕಾಯುವ ಫ್ಯೂಸ್

ಮಕ್ಕಳೇ, 'ಫ್ಯೂಸ್ ಹೋಯ್ತು' ಎಂಬ ಮಾತನ್ನು ನೀವು ಮನೆಯಲ್ಲಿ ಕೇಳಿರುತ್ತೀರಿ. ಮೀಟರ್ ಬೋರ್ಡಿನ ಪಿಂಗಾಣಿ ಹಿಡಿಕೆಯಲ್ಲಿ ಒಂದು ಸಣ್ಣ ತಂತಿ ಇರುತ್ತದೆ. ಮಿತಿಗಿಂತ ಹೆಚ್ಚು ವಿದ್ಯುತ್ ಹರಿದಾಗ ಅದು ಕಾದು, ಕರಗಿ ತುಂಡಾಗುತ್ತದೆ. ಈಗ ಹಲವು ಮನೆಗಳಲ್ಲಿ ಆ ಕೆಲಸವನ್ನು ಎಂಸಿಬಿ ಮಾಡುತ್ತದೆ. ಹೀಗಿರುವಾಗ ಇಸ್ತ್ರಿಪೆಟ್ಟಿಗೆಯ ಒಳಗೆ ಇನ್ನೊಂದು ಫ್ಯೂಸ್ ಏಕೆ ಇಡುತ್ತಾರೆ?

ಒಂದು ಲೆಕ್ಕ ಮಾಡೋಣ. ಪೆಟ್ಟಿಗೆಯ ಸಾಮರ್ಥ್ಯ 1000 ವ್ಯಾಟ್, ಮನೆಯ ವಿದ್ಯುತ್ತು 230 ವೋಲ್ಟ್. 1000 ಅನ್ನು 230ರಿಂದ ಭಾಗಿಸಿ. ಸುಮಾರು 4.3 ಆಂಪಿಯರ್ ಪ್ರವಾಹ ಹರಿಯುತ್ತದೆ ಎಂದಾಯಿತು. ಬೋರ್ಡಿನಲ್ಲಿರುವುದು 5 ಆಂಪಿಯರ್ ಫ್ಯೂಸ್ ಎಂದುಕೊಳ್ಳಿ. ಅದು ಸುಮ್ಮನಿರುತ್ತದೆ, ಸರಿಯೇ.

ಪೆಟ್ಟಿಗೆ ಅತಿಯಾಗಿ ಕಾಯದಂತೆ ಒಳಗೊಂದು ದ್ವಿಲೋಹ ಪಟ್ಟಿ ಇದೆ. ಅದರ ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಕಾದಾಗ ಪಟ್ಟಿ ಬಾಗಿ ಸಂಪರ್ಕ ಬಿಡಿಸುತ್ತದೆ; ತಣಿದಾಗ ಮತ್ತೆ ಕೂಡಿಸುತ್ತದೆ. 'ಟಿಕ್' ಎಂಬ ಸದ್ದಾಗಿ ದೀಪ ಆರುವುದು ಇದರಿಂದಲೇ. ಪ್ರತಿ ಸಲ ಸಂಪರ್ಕ ಬಿಡುವಾಗಲೂ ಅಲ್ಲಿ ಪುಟ್ಟ ಕಿಡಿ ಹಾರುತ್ತದೆ. ವರ್ಷಗಟ್ಟಲೆ ಹೀಗಾದರೆ ಆ ಎರಡು ಬಿಂದುಗಳು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಆಗ? ಪೆಟ್ಟಿಗೆ ಕಾಯುತ್ತಲೇ ಹೋಗುತ್ತದೆ. ಆದರೆ ಹರಿಯುವ ಪ್ರವಾಹ ಅದೇ 4.3 ಆಂಪಿಯರ್! ಬೋರ್ಡಿನ ಫ್ಯೂಸಿಗೆ ಏನೂ ಗೊತ್ತಾಗುವುದಿಲ್ಲ. ಬಟ್ಟೆ ಸುಟ್ಟು ಹೊಗೆ ಎದ್ದರೂ ಅದು ಸುಮ್ಮನೇ ಇರುತ್ತದೆ.

ಇಂಥ ಹೊತ್ತಿಗೆಂದೇ ಇರುವುದು ಉಷ್ಣ ಫ್ಯೂಸ್. ಇದು ಕಡಿಯುವುದು ಪ್ರವಾಹ ಹೆಚ್ಚಾದುದಕ್ಕಲ್ಲ, ಸುತ್ತಲಿನ ಬಿಸಿ ಮಿತಿ ಮೀರಿದುದಕ್ಕೆ.

ಕಬ್ಬಿಣದ ಸರಳಿಗೆ ಮೇಣದಿಂದ ಗುಂಡುಸೂಜಿಗಳನ್ನು ಅಂಟಿಸಿ, ಒಂದು ತುದಿಯನ್ನು ಕಾಯಿಸುವ ಪ್ರಯೋಗವನ್ನು ಶಾಲೆಯಲ್ಲಿ ನೋಡಿದ್ದೀರಲ್ಲವೇ? ಮೇಣ ಕರಗಿದೊಡನೆ ಸೂಜಿ ಬೀಳುತ್ತದೆ. ಉಷ್ಣ ಫ್ಯೂಸಿನ ಗುಟ್ಟೂ ಅದೇ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಲೋಹದ ಕೊಳವೆ. ಅದರೊಳಗೆ ನಿಗದಿತ ಉಷ್ಣತೆಯಲ್ಲೇ ಕರಗುವ ಒಂದು ಗುಳಿಗೆ. ಗುಳಿಗೆ ಗಟ್ಟಿಯಾಗಿರುವವರೆಗೆ ಸ್ಪ್ರಿಂಗ್ ಅದುಮಿಕೊಂಡಿರುತ್ತದೆ, ಸಂಪರ್ಕ ಕೂಡಿರುತ್ತದೆ. ಗುಳಿಗೆ ಕರಗಿತೋ, ಸ್ಪ್ರಿಂಗ್ ಸಡಿಲಗೊಂಡು ಸಂಪರ್ಕ ಬಿಟ್ಟುಹೋಗುತ್ತದೆ. ಎಷ್ಟು ಡಿಗ್ರಿಗೆ ಎಂಬುದನ್ನು ಕೊಳವೆಯ ಮೇಲೇ ಮುದ್ರಿಸಿರುತ್ತಾರೆ, ಉದಾಹರಣೆಗೆ 240 ಡಿಗ್ರಿ ಸೆಲ್ಸಿಯಸ್. ಅನ್ನ ಮಾಡುವ ವಿದ್ಯುತ್ ಕುಕ್ಕರಿನ ತಳದಲ್ಲೂ ಕೆಲವು ಫ್ಯಾನುಗಳ ಮೋಟಾರಿನಲ್ಲೂ ಇಂಥದೊಂದು ಇರುತ್ತದೆ.

ಇದಕ್ಕೆ ಕೆಲಸ ಒಂದೇ ಬಾರಿ. ತಣಿದ ಮೇಲೂ ತಾನಾಗಿ ಕೂಡಿಕೊಳ್ಳದು. ಅದೇ ಉಷ್ಣತೆಯ ಹೊಸದನ್ನೇ ಹಾಕಬೇಕು. ಹಾಕುವಾಗ ಬೆಸುಗೆ ಹಚ್ಚುವುದಿಲ್ಲ. ಏಕೆ ಹೇಳಿ? ಬೆಸುಗೆಯ ಕಾವಿಗೇ ಗುಳಿಗೆ ಕರಗಬಹುದು! ಅದಕ್ಕೇ ತಂತಿಗಳನ್ನು ಸಣ್ಣ ಲೋಹದ ತೋಳಿನಲ್ಲಿ ತೂರಿಸಿ ಇಕ್ಕಳದಿಂದ ಅಮುಕುತ್ತಾರೆ.

ಕೆಲವು ರಿಪೇರಿಯವರು ಉಷ್ಣ ಫ್ಯೂಸನ್ನು ಕಿತ್ತು, ಆ ಜಾಗಕ್ಕೆ ಬರೀ ತಂತಿ ಸೇರಿಸಿ ಕೊಡುವುದುಂಟು. ಪೆಟ್ಟಿಗೆಯೇನೋ ಕಾಯುತ್ತದೆ. ಆದರೆ ಫ್ಯೂಸ್ ಹೋಗಲು ಕಾರಣವಾದ ದೋಷ ಒಳಗೇ ಉಳಿದಿರುತ್ತದೆ, ಅದನ್ನು ತಡೆಯುವವರು ಯಾರೂ ಇರುವುದಿಲ್ಲ. ರಿಪೇರಿಗೆ ಕೊಟ್ಟಾಗ 'ಥರ್ಮಲ್ ಫ್ಯೂಸ್ ಹಾಕಿದ್ದೀರಾ?' ಎಂದು ಕೇಳಲು ಮನೆಯವರಿಗೆ ಹೇಳಿ. ಪೆಟ್ಟಿಗೆಯನ್ನು ನೀವೇ ಬಿಚ್ಚಲು ಹೋಗಬೇಡಿ.

ಮಾಡಿ ನೋಡಿ: ಪ್ಲಗ್ ತೆಗೆದಿರುವ, ಪೂರ್ತಿ ತಣ್ಣಗಾದ ಇಸ್ತ್ರಿಪೆಟ್ಟಿಗೆಯ ಮೇಲೆ ಎಷ್ಟು ವ್ಯಾಟ್ ಎಂದು ಬರೆದಿದೆ? ಅದರಲ್ಲಿ ಎಷ್ಟು ಆಂಪಿಯರ್ ಹರಿಯುತ್ತದೆ, ಲೆಕ್ಕ ಹಾಕಿ.