ಸಂತ ಜೋಸೆಫರ ಹಬ್ಬಕ್ಕೆ ಅಮ್ಮನ ಕ್ರೀಮ್ ಪಫ್



ಮಾರ್ಚ್ 19 ಸಂತ ಜೋಸೆಫರ ಮಹೋತ್ಸವ. ತಪಸ್ಸುಕಾಲದ ನಡುವೆ ಬರುವ ಹಬ್ಬವಾದ್ದರಿಂದ "ಸ್ವಾಮಿ, ಆ ದಿನ ಸಿಹಿ ಮಾಡಬಹುದೇ?" ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಧಾರಾಳವಾಗಿ ಮಾಡಿ. ಮಹೋತ್ಸವವು ಶುಕ್ರವಾರ ಬಿದ್ದರೆ ಅಂದು ಮಾಂಸ ವರ್ಜನೆಯ ಕಟ್ಟುಪಾಡೂ ಇಲ್ಲವೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಇಟಲಿಯಲ್ಲಂತೂ ಅದು ಅಪ್ಪಂದಿರ ದಿನ. ರೋಮಿನಲ್ಲಿ ಅಂದು ಕಸ್ಟರ್ಡ್ ತುಂಬಿದ, ಎಣ್ಣೆಯಲ್ಲಿ ಕರಿದ ಉಬ್ಬು ತಿಂಡಿಯನ್ನು ಮಾರುತ್ತಾರೆ, ಹೆಸರು 'ಬಿನ್ಯೆ'. ನೇಪಲ್ಸಿನವರು ಅಂಥದ್ದನ್ನೇ 'ಝೆಪ್ಪೊಲೆ' ಎನ್ನುತ್ತಾರೆ, ಮೇಲೊಂದು ಹುಳಿ ಚೆರ್ರಿ ಇಡುತ್ತಾರೆ. ಈಜಿಪ್ಟಿಗೆ ಓಡಿಹೋದ ಸಂಸಾರವನ್ನು ಸಾಕಲು ಜೋಸೆಫರು ಕರಿದ ತಿಂಡಿ ಮಾರಿದರೆಂದು ರೋಮಿನ ಜನ ಕಥೆ ಕಟ್ಟಿದ್ದಾರೆ. ಶುಭಸಂದೇಶದಲ್ಲಿ ಇದಿಲ್ಲ. ಆದರೂ ಬಡಗಿಯ ಕೈಗೆ ಬಾಣಲೆ ಕೊಟ್ಟ ಆ ಜನರ ಮೇಲೆ ನನಗೆ ಪ್ರೀತಿ.

ನಮ್ಮ ಮನೆಗೆ ಈ ತಿಂಡಿ ಬಂದದ್ದು ಹೀಗೆ. ಮದುವೆಗೆ ಮುಂಚೆ ಅಮ್ಮ ಒಂದು ಕಾನ್ವೆಂಟಿನ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿದ್ದ ಇಟಲಿಯ ಒಬ್ಬ ವೃದ್ಧ ಧರ್ಮಭಗಿನಿ ಅದನ್ನು ಕರಿಯದೆ ಬೇಯಿಸುವುದನ್ನು ಕಲಿಸಿದರು. ಅಪ್ಪನ ಹೆಸರೂ ಜೋಸೆಫ್ ಆದ್ದರಿಂದ ವರ್ಷಕ್ಕೊಮ್ಮೆ ತಪ್ಪದೆ ಆಗುತ್ತಿತ್ತು. ಅಪ್ಪ ತೀರಿಕೊಂಡ ಮೇಲೂ ಅಮ್ಮ ನಿಲ್ಲಿಸಲಿಲ್ಲ. ಈಗ ಎರಡು ವರ್ಷದಿಂದ ಅಮ್ಮನಿಗೆ ಮರೆವು. ಉಪ್ಪು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಕೇಳುತ್ತಾರೆ. ಅಕ್ಕ ಹಿಂದೆಂದೋ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಲೆಕ್ಕ ಇದೆ: ಒಂದು ಲೋಟ ನೀರು, ಅರ್ಧ ಲೋಟ ಬೆಣ್ಣೆ, ಒಂದು ಲೋಟ ಮೈದಾ, ಚಿಟಿಕೆ ಉಪ್ಪು, ಮೊಟ್ಟೆ ಸಾಕಾಗುವಷ್ಟು.

ಈ 'ಸಾಕಾಗುವಷ್ಟು' ಎಂದರೆ ಎಷ್ಟು? ಸೆಮಿನರಿಯಲ್ಲಿ ಅರಿಸ್ಟಾಟಲನ ನಾಲ್ಕು ಕಾರಣಗಳನ್ನು ಬಾಯಿಪಾಠ ಮಾಡಿದವನು ನಾನು. ಇದಕ್ಕೆ ಉತ್ತರ ಗೊತ್ತಿರಲಿಲ್ಲ. ಗುರುಮನೆಯಲ್ಲಿ ಒಬ್ಬನೇ ಮಾಡಲು ಹೋಗಿ ಎರಡು ಸಲ ಕೆಡಿಸಿದೆ. ಮೊದಲ ಸಲ ಬಿಸಿ ಹಿಟ್ಟಿಗೇ ಮೊಟ್ಟೆ ಒಡೆದು ಹಾಕಿದೆ, ಅದು ಅಲ್ಲೇ ಬೆಂದು ಗಂಟುಗಂಟಾಯಿತು. ಎರಡನೆಯ ಸಲ ಉಬ್ಬಿತೋ ನೋಡೋಣವೆಂದು ಓವನ್ ಬಾಗಿಲು ತೆರೆದೆ. ಕಣ್ಣೆದುರಿಗೇ ಎಲ್ಲ ಕುಸಿದು ಚಪ್ಪಟೆಯಾದವು. ಕಳೆದ ಮಾರ್ಚಿನಲ್ಲಿ ರಜೆ ಹಾಕಿ ಮನೆಗೆ ಹೋಗಿ ಅಮ್ಮನ ಪಕ್ಕದಲ್ಲಿ ನಿಂತೆ.

ನೀವೂ ಮಾಡಿ ನೋಡಿ. ಲೋಟ 250 ಮಿ.ಲೀ. ಹಿಡಿಯುವಂಥದ್ದು. ತೂಕದಲ್ಲಿ ಬೆಣ್ಣೆ ಸುಮಾರು 120 ಗ್ರಾಂ, ಮೈದಾ 130 ಗ್ರಾಂ. ನೀರು, ಬೆಣ್ಣೆ, ಉಪ್ಪನ್ನು ಒಲೆಯ ಮೇಲಿಟ್ಟು ಚೆನ್ನಾಗಿ ಕುದಿ ಬರಿಸಿ. ಜರಡಿ ಹಿಡಿದ ಮೈದಾವನ್ನು ಒಂದೇ ಸಲಕ್ಕೆ ಸುರಿದು ಮರದ ಸೌಟಿನಿಂದ ಜೋರಾಗಿ ತಿರುವಿ. ಹಿಟ್ಟು ಮುದ್ದೆಯಾಗಿ ಪಾತ್ರೆಯ ಅಂಚು ಬಿಟ್ಟ ಮೇಲೂ ಸಣ್ಣ ಉರಿಯಲ್ಲಿ ಒಂದೆರಡು ನಿಮಿಷ ತಿರುವುತ್ತಲೇ ಇರಿ. ತಳದಲ್ಲಿ ತೆಳ್ಳಗೆ ಪೊರೆ ಕಟ್ಟಬೇಕು. ಹೆಚ್ಚಿನ ನೀರು ಆರಿದಷ್ಟೂ ಮುದ್ದೆ ಮೊಟ್ಟೆಯನ್ನು ಹೀರುತ್ತದೆ. ಇಳಿಸಿ, ಬೆರಳಿಟ್ಟರೆ ಸುಡದಷ್ಟು ಆರಲು ಬಿಡಿ.

ಇನ್ನು ಮೊಟ್ಟೆ. ಒಂದೊಂದಾಗಿಯೇ ಹಾಕಬೇಕು. ಮೊದಲನೆಯದು ಸೇರುವಾಗ ಹಿಟ್ಟು ಚೂರುಚೂರಾಗಿ ಜಾರಾಡುತ್ತದೆ, ಕೆಟ್ಟೇಹೋಯಿತು ಎನಿಸುತ್ತದೆ. ಹೆದರಬೇಡಿ, ತಿರುವುತ್ತಿದ್ದರೆ ಮತ್ತೆ ಕೂಡಿಕೊಳ್ಳುತ್ತದೆ. ಮೂರು ಆದ ಮೇಲೆ ನಾಲ್ಕನೆಯದನ್ನು ಬಟ್ಟಲಲ್ಲಿ ಕಲಕಿ ಸ್ವಲ್ಪ ಸ್ವಲ್ಪವೇ ಸುರಿಯಿರಿ. ಇಲ್ಲಿಯೇ ಅಮ್ಮ ನನ್ನ ಕೈಯಿಂದ ಸೌಟು ಕಿತ್ತುಕೊಂಡರು. ಹಿಟ್ಟನ್ನು ಎತ್ತಿ ಹಿಡಿದು, "ನೋಡು ಮಗಾ, ಬೀಳಲೂಬೇಕು, ಬೀಳೋಕೆ ಮನಸ್ಸಿಲ್ಲದ ಹಾಗೆ ಬೀಳಬೇಕು" ಎಂದರು. ಸೌಟಿನ ತುದಿಯಲ್ಲಿ ಹಿಟ್ಟು ಮುಕ್ಕೋನೆಯಾಗಿ ಜೋತು ನಿಂತಿತ್ತು. ಹೊಳಪೂ ಬಂದಿತ್ತು. ಬೆಳಿಗ್ಗೆ ತಿಂಡಿ ತಿಂದದ್ದನ್ನು ಮರೆತಿದ್ದ ಅಮ್ಮನ ಕೈಗೆ ಇದು ಮರೆತಿರಲಿಲ್ಲ.

ಬೆಣ್ಣೆ ಸವರಿದ ತಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದಲ್ಲಿ ದೂರ ದೂರ ಇಡಿ. ಸುಮಾರು 20 ಆಗುತ್ತವೆ. ಮೊದಲೇ ಕಾದಿರುವ ಓವನ್ನಿನಲ್ಲಿ 200 ಡಿಗ್ರಿಗೆ 20 ನಿಮಿಷ, ಆಮೇಲೆ 180ಕ್ಕೆ ಇಳಿಸಿ ಇನ್ನೊಂದು 15 ನಿಮಿಷ. ಇದರಲ್ಲಿ ಸೋಡಾ ಇಲ್ಲ, ಈಸ್ಟ್ ಇಲ್ಲ. ಹಿಟ್ಟಿನೊಳಗಿನ ನೀರೇ ಆವಿಯಾಗಿ ಉಬ್ಬಿಸುತ್ತದೆ. ಮೊಟ್ಟೆ ಬೆಂದು ಗೋಡೆಯ ಹಾಗೆ ಗಟ್ಟಿಯಾಗುತ್ತದೆ. ಗೋಡೆ ಗಟ್ಟಿಯಾಗುವ ಮೊದಲೇ ಬಾಗಿಲು ತೆರೆದರೆ ಆವಿ ತಣಿದು ನನ್ನ ಗತಿಯೇ ನಿಮ್ಮದೂ. ಒಳ್ಳೆಯ ಕಂದು ಬಣ್ಣ ಬಂದ ಮೇಲೆ ಹೊರತೆಗೆದು ಪ್ರತಿಯೊಂದಕ್ಕೂ ಚಾಕುವಿನ ತುದಿಯಿಂದ ಚುಚ್ಚಿ, ಆರಿಸಿದ ಓವನ್ನಿನಲ್ಲೇ 10 ನಿಮಿಷ ಬಿಡಿ. ಇಲ್ಲದಿದ್ದರೆ ಒಳಗುಳಿದ ಆವಿ ನೀರಾಗಿ ಮೆತ್ತಗಾಗುತ್ತವೆ.

ಒಳಗೆ ತುಂಬಲು ಅರ್ಧ ಲೀಟರ್ ಹಾಲು, 4 ಮೊಟ್ಟೆಯ ಹಳದಿ, 100 ಗ್ರಾಂ ಸಕ್ಕರೆ, 40 ಗ್ರಾಂ ಕಾರ್ನ್‌ಫ್ಲೋರ್ ಸೇರಿಸಿ ಕೈಬಿಡದೆ ಕದಡುತ್ತಾ ಕಸ್ಟರ್ಡ್ ಕಾಯಿಸಿ. ಕುದಿ ಬಂದು ಗಟ್ಟಿಯಾದ ಮೇಲೆ ಇಳಿಸಿ ನಿಂಬೆಯ ಸಿಪ್ಪೆ ತುರಿದು ಹಾಕಿ. ಪೂರ್ತಿ ತಣ್ಣಗಾಗಬೇಕು.

ಅಂದು ಅಮ್ಮ ಮೊದಲನೆಯದನ್ನು ತುಂಬಿ ಅಪ್ಪನ ಫೋಟೋ ಮುಂದೆ ಇಟ್ಟರು. ಅರ್ಧ ಗಂಟೆಯಾದ ಮೇಲೆ ಅದನ್ನು ಕಂಡು, "ಇದು ಯಾರು ಮಾಡಿದ್ದು? ಚೆನ್ನಾಗಿ ಉಬ್ಬಿದೆ" ಎಂದು ಕೇಳಿದರು. "ನೀವೇ ಅಮ್ಮ" ಎಂದೆ. ನಂಬಲಿಲ್ಲ.

ನೋಟ್‌ಬುಕ್ಕಿನಲ್ಲಿ 'ಸಾಕಾಗುವಷ್ಟು' ಎಂಬುದರ ಪಕ್ಕದಲ್ಲಿ ಪೆನ್ಸಿಲಿನಿಂದ 'ಮೂರೂವರೆಯಿಂದ ನಾಲ್ಕು. ಮುಕ್ಕೋನೆ ನೋಡಿ' ಎಂದು ಬರೆದಿಟ್ಟು ಬಂದಿದ್ದೇನೆ. ಕಸ್ಟರ್ಡನ್ನು ತಿನ್ನುವ ಹೊತ್ತಿಗಷ್ಟೇ ತುಂಬಿ. ಖಾಲಿ ಪಫ್‌ಗಳು ಗಾಳಿಯಾಡದ ಡಬ್ಬಿಯಲ್ಲಿ ಎರಡು ದಿನ ಇರುತ್ತವೆ. ಮೆತ್ತಗಾದರೆ ಐದು ನಿಮಿಷ ಓವನ್ನಿನಲ್ಲಿಟ್ಟು ತೆಗೆಯಿರಿ.