ಆ್ಯಪ್ ಎರಡು, ಖಾತೆ ಒಂದು

ಫೋನ್‌ಪೇ, ಗೂಗಲ್ ಪೇ ಎರಡೂ ಇರುವಾಗ ಇನ್ನೊಂದು ಖಾತೆ ಯಾಕೆ ಎಂದು ಕೇಳಿದ್ದೀರಿ. ಎರಡೂ ಜೋಡಣೆಯಾಗಿರುವುದು ಸಂಬಳ ಬರುವ ಅದೇ ಖಾತೆಗೆ ತಾನೆ? ಬ್ಯಾಂಕಿನ ಸರ್ವರ್ ಕೈಕೊಟ್ಟ ದಿನ ಎರಡೂ ಒಟ್ಟಿಗೇ ನಿಲ್ಲುತ್ತವೆ. 2020ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಯೆಸ್ ಬ್ಯಾಂಕ್ ಗ್ರಾಹಕರು ತೆಗೆಯಬಹುದಾಗಿದ್ದುದು ಸಾಮಾನ್ಯವಾಗಿ 50,000 ರೂಪಾಯಿಯವರೆಗೆ ಮಾತ್ರ. ಆ ಬ್ಯಾಂಕನ್ನೇ ನೆಚ್ಚಿಕೊಂಡಿದ್ದ ಫೋನ್‌ಪೇ ಕೂಡ ಆಗ ಸ್ಥಗಿತಗೊಂಡಿತ್ತು, ಅಂದರೆ ಬೇರೆ ಬ್ಯಾಂಕಿನವರಿಗೂ ಬಿಸಿ ತಟ್ಟಿತು.

ಹಾಗಾಗಿ ಬೇರೆ ಬ್ಯಾಂಕಿನಲ್ಲಿ ಎರಡನೇ ಉಳಿತಾಯ ಖಾತೆ ತೆರೆಯಿರಿ. ಅದೇ ಬ್ಯಾಂಕಿನ ಇನ್ನೊಂದು ಶಾಖೆ ಪ್ರಯೋಜನಕ್ಕಿಲ್ಲ. 5 ಲಕ್ಷ ರೂಪಾಯಿಯ ಠೇವಣಿ ವಿಮೆಯೂ ಎಲ್ಲ ಶಾಖೆಗಳ ಹಣವನ್ನು ಒಟ್ಟು ಸೇರಿಸಿಯೇ ಲೆಕ್ಕ ಹಾಕುತ್ತದೆ. ಒಂದು ತಿಂಗಳ ಮನೆಖರ್ಚು ಅಲ್ಲಿರಲಿ. ಅದರ ಡೆಬಿಟ್ ಕಾರ್ಡನ್ನು ಮಾತ್ರ ಪರ್ಸಿನಲ್ಲಿ ಮೊದಲನೆಯದರ ಪಕ್ಕಕ್ಕೇ ಸಿಕ್ಕಿಸಿಕೊಳ್ಳಬೇಡಿ, ಬೀರುವಿನಲ್ಲಿಡಿ. ಒಂದು ರುಪೇ, ಇನ್ನೊಂದು ವೀಸಾ ಆದರೆ ಇನ್ನೂ ಒಳ್ಳೆಯದು.

ಐದಾರು ಖಾತೆಗಳ ಚಟ ಬೇಡ. ಕನಿಷ್ಠ ಬ್ಯಾಲೆನ್ಸ್ ದಂಡ ಸದ್ದಿಲ್ಲದೆ ತಿನ್ನುತ್ತದೆ. ಎರಡು ವರ್ಷ ನೀವಾಗಿ ವಹಿವಾಟು ನಡೆಸದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ, ಮತ್ತೆ ಕೆವೈಸಿಯ ಅಲೆದಾಟ. ಹಾಲು, ತರಕಾರಿಯ ಹಣವನ್ನಾದರೂ ಆಗಾಗ ಅದರಿಂದಲೇ ಕೊಡಿ. ನಾಮಿನಿ ಹೆಸರು ಎರಡೂ ಕಡೆ ಇದೆಯೇ, ಈ ವಾರವೇ ನೋಡಿಬಿಡಿ.