ಹಳೆಯ ಕಾರಿನ ಆಯ್ಕೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಬಳಸಿದ ಕಾರನ್ನು ಕೊಳ್ಳುವವರಿಗೂ ಇದು ಸಲ್ಲುತ್ತದೆ. ಮೊದಲು ಅಳೆಯಬೇಕಾದುದು ಕಾರಿನ ಅಂದವನ್ನಲ್ಲ, ತಮ್ಮ ಅಗತ್ಯವನ್ನು. ಊರೊಳಗೆ ಅಲ್ಪ ದೂರ ಸಂಚರಿಸುವ ನಾಲ್ವರ ಕುಟುಂಬಕ್ಕೆ ಸಣ್ಣ ಕಾರು ಸಾಕು. ಆಗುಂಬೆಯಂತಹ ಘಟ್ಟವನ್ನು ನಿತ್ಯ ಏರಿಳಿಯುವವರಿಗೆ ಬಲವಾದ ಎಂಜಿನ್ನೂ ನಂಬಿಕೆಗೆ ಅರ್ಹವಾದ ಬ್ರೇಕುಗಳೂ ಬೇಕು.

ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೇ ಸುರಿಯುವುದು ಅವಿವೇಕ. ಟೈರು, ಬ್ಯಾಟರಿ, ವಿಮೆ, ದುರಸ್ತಿಗಳಿಗಾಗಿ ಒಂದು ಪಾಲನ್ನು ತೆಗೆದಿರಿಸಬೇಕು. ಎಂಜಿನ್ ತಣ್ಣಗಿರುವಾಗಲೇ ಅದನ್ನು ಚಾಲನೆಗೊಳಿಸಿ ನೋಡಬೇಕು. ಬಿಸಿಯಾದ ಎಂಜಿನ್ ಕೆಲವು ದೋಷಗಳನ್ನು ಮರೆಮಾಚುತ್ತದೆ. ನೀಲಿ ಹೊಗೆ ಬಂದರೆ ಒಳಗೆ ಎಣ್ಣೆ ಉರಿಯುತ್ತಿದೆಯೆಂದು ತಿಳಿಯಬೇಕು. ಟೈರು ಒಂದೇ ಬದಿಯಲ್ಲಿ ಸವೆದಿದ್ದರೆ ಚಕ್ರಗಳ ಜೋಡಣೆ ಕೆಟ್ಟಿರಬಹುದು.

ಕಾಗದಪತ್ರಗಳ ಪರಿಶೀಲನೆಯೂ ಅಷ್ಟೇ ಮುಖ್ಯ. ಎಂಜಿನ್ ಹಾಗೂ ಚಾಸಿಯ ಸಂಖ್ಯೆಗಳು ನೋಂದಣಿ ಪತ್ರದೊಡನೆ ಹೊಂದಬೇಕು. ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷಗಳ ಬಳಿಕ ನವೀಕರಿಸಬೇಕಾದುದರಿಂದ ಅದರ ವಯಸ್ಸನ್ನೂ ಗಮನಿಸಬೇಕು. ಮಾರಾಟವಾದೊಡನೆ ಹೆಸರಿನ ವರ್ಗಾವಣೆ ಆಗಲೇಬೇಕು. ಹಲವರ ಕೈದಾಟಿದ್ದ ಕಾರೊಂದರ ಅಪಘಾತದ ಮೊಕದ್ದಮೆಯಲ್ಲಿ, ಪರಿಹಾರದ ಹೊಣೆ ನೋಂದಣಿಯಲ್ಲಿ ಹೆಸರುಳ್ಳ ಮೊದಲ ಮಾಲೀಕನದೇ ಎಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. ಕಾರನ್ನು ಎಂದೋ ಮಾರಿದ್ದವನು ಅದರ ಋಣದಿಂದ ಬಿಡುಗಡೆ ಹೊಂದಲಿಲ್ಲ.

ಹೊಳೆಯುವ ಬಣ್ಣ ಕಣ್ಣನ್ನು ಸೆಳೆಯುತ್ತದೆ. ತಾಳ್ಮೆಯ ಪರೀಕ್ಷೆ ಹಣವನ್ನೂ ಪ್ರಾಣವನ್ನೂ ಕಾಯುತ್ತದೆ.